ಶಿರಸಿಯಲ್ಲಿ ಕುಳಿತು ಅಡಿಕೆ ಸುಲಿಯುವ ಯಂತ್ರ ಕಟ್ಟಿದ ಬಗೆ: ನನ್ನ ಅನುಭವ

ಶಿರಸಿ ಸೀಮೆಯಲ್ಲಿ ಅಡಿಕೆ ಸುಲಿಯುವ ಯಂತ್ರ ಕಟ್ಟುವವನಿಗೆ ವರ್ಷವೆಂದರೆ ಹನ್ನೆರಡು ತಿಂಗಳಲ್ಲ. ಹಸಿ ಅಡಿಕೆ ಕೈಗೆ ಸಿಗುವುದು ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿ ಕಳೆದು ಕೆಲವು ವಾರಗಳವರೆಗೆ ಮಾತ್ರ. ಹಣ್ಣಡಿಕೆಯನ್ನು ಅಂಗಳದಲ್ಲಿ ತಿಂಗಳೂವರೆ ಒಣಗಿಸಿ ಚಾಲಿ ಮಾಡುವವರ ಕೆಲಸ ಬೇಸಿಗೆಗೆ ಬರುತ್ತದೆ. ಕೊನೆಗೌಡರು ಕೊಯ್ಲು ಮುಗಿಸಿ ಮರದಿಂದ ಇಳಿದ ಮೇಲೆ ನನ್ನ ಯಂತ್ರದಲ್ಲಿ ಸಿಪ್ಪೆ ಸುಲಿಯುವ ರೋಲರಿನ ಅಂತರ ತಪ್ಪಾಗಿದೆ ಎಂದು ತಿಳಿದರೆ, ಅದನ್ನು ತಿದ್ದಿ ನೋಡಲು ಮುಂದಿನ ದೀಪಾವಳಿಯೇ ಬರಬೇಕು. ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಈಗ ಹೊಸದೇನು ಎಂದು ಓದುವ ಹುಡುಗರು ಕೇಳಿದಾಗಲೆಲ್ಲ ನನಗೆ ಈ ಲೆಕ್ಕವೇ ನೆನಪಾಗುತ್ತದೆ. ಒಂದು ಹಂಗಾಮಿನಲ್ಲಿ ಮೊದಲು ಎರಡು ಸಲ ತಪ್ಪಿ ತಿದ್ದಿಕೊಳ್ಳಬಹುದಾಗಿದ್ದ ನಾನು ಈಗ ಇಪ್ಪತ್ತು ಸಲ ತಪ್ಪಿ ತಿದ್ದಿಕೊಳ್ಳಬಲ್ಲೆ. ನನ್ನ ಮಟ್ಟಿಗೆ ಈ ಹದಿನೈದು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆ ಇದು.

ಬೆಂಗಳೂರಿನ ಪೀಣ್ಯದಲ್ಲಿ ಒಂಬತ್ತು ವರ್ಷ ಗೇರ್‌ಬಾಕ್ಸ್‌ಗಳ ವಿನ್ಯಾಸ ಮತ್ತು ತಯಾರಿಕೆಯಲ್ಲಿ ದುಡಿದು 2012ರಲ್ಲಿ ಊರಿಗೆ ಮರಳಿದೆ. ಮನೆಯಲ್ಲಿ ಎರಡು ಎಕರೆ ತೋಟವಿತ್ತು. ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕುಳಿತು ಸುಲಿಯುವ ಜನ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಪೇಟೆಯಲ್ಲಿ ಯಂತ್ರಗಳು ಆಗಲೇ ಬಂದಿದ್ದವು. ನಮ್ಮ ತೋಟದ ಕಾಯಿಯ ಗಾತ್ರಕ್ಕೆ ಹೊಂದುವ, ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲೇ ಓಡುವ, ಇಬ್ಬರು ಎತ್ತಿ ಒಯ್ಯಬಹುದಾದ ಒಂದನ್ನು ನಾನೇ ಕಟ್ಟುತ್ತೇನೆ ಎಂಬ ಹುಮ್ಮಸ್ಸಿನಿಂದ ಬಾಡಿಗೆಯ ಶೆಡ್ಡಿನಲ್ಲಿ ಒಂದು ಹಳೆಯ ಲೇತ್ ಮತ್ತು ಒಂದು ವೆಲ್ಡಿಂಗ್ ಸೆಟ್ ಇಟ್ಟುಕೊಂಡು ಆರಂಭಿಸಿದೆ.

ಮೊದಲ ಯಂತ್ರ ಎರಡು ಕಾರಣಗಳಿಂದ ಸೋತಿತು. ನಾನು ಅದನ್ನು ಸಾಮಾನ್ಯ ಕಬ್ಬಿಣದ ತಗಡಿನಲ್ಲಿ ಮಾಡಿದ್ದೆ. ಹಸಿ ಅಡಿಕೆಯಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಮುಟ್ಟಿದರೆ ಕಪ್ಪಾಗುತ್ತದೆ, ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಎಂದು ಚಿಕ್ಕಂದಿನಿಂದ ಗೊತ್ತಿದ್ದವನು, ಅದೇ ಟ್ಯಾನಿನ್ ತಗಡಿನ ಜೊತೆ ಏನು ಮಾಡೀತು ಎಂದು ಯೋಚಿಸಿರಲಿಲ್ಲ. ಎರಡನೆಯ ಕಾರಣ, ರೋಲರಿಗೂ ಎದುರಿನ ರಬ್ಬರ್ ಪಟ್ಟಿಗೂ ನಡುವಿನ ಅಂತರವನ್ನು ನಾನು ಕಣ್ಣಳತೆಯಲ್ಲಿ ಇಟ್ಟಿದ್ದು. ಸಣ್ಣ ಕಾಯಿ ಸುಲಿಯದೆ ಹೊರಬರುತ್ತಿತ್ತು, ದೊಡ್ಡದು ಒಡೆಯುತ್ತಿತ್ತು. ಒಡೆದ ಅಡಿಕೆ ‘ರಾಶಿ’ಯ, ಅಂದರೆ ಸುಲಿದು ಬೇಯಿಸಿ ಒಣಗಿಸಿದ ಇಡಿ ಅಡಿಕೆಯ, ದರಕ್ಕೆ ಹೋಗುವುದಿಲ್ಲ. ಸಿದ್ದಾಪುರದ ಕಡೆಯಿಂದ ನೋಡಲು ಬಂದ ಹಿರಿಯರೊಬ್ಬರು ತಟ್ಟೆಯಲ್ಲಿದ್ದುದನ್ನು ಬೆರಳಿನಲ್ಲಿ ಕೆದಕಿ, “ಇದು ಯಂತ್ರ ಸುಲಿದದ್ದೋ ಜಗಿದದ್ದೋ ಮಾರಾಯಾ?” ಎಂದು ಕೇಳಿದರು. ಆ ಹಂಗಾಮಿನಲ್ಲಿ ರೋಲರನ್ನು ಎರಡು ಸಲ ಮಾತ್ರ ಬದಲಿಸಲು ಸಾಧ್ಯವಾಯಿತು, ಏಕೆಂದರೆ ಪ್ರತಿ ಸಲವೂ ಉಕ್ಕಿನ ದಿಂಡು ತರಿಸಿ, ಟರ್ನಿಂಗ್ ಮಾಡಿ, ಹಲ್ಲು ಕಡಿದು, ಜೋಡಿಸುವುದಕ್ಕೆ ಮೂರು ವಾರ ಹಿಡಿಯುತ್ತಿತ್ತು.

ಮುಂದಿನ ವರ್ಷ ಯಂತ್ರವನ್ನು ಮುಟ್ಟುವ ಮೊದಲು ಕಾಯಿಯನ್ನು ಅಳೆದೆ. ನಮ್ಮ ತೋಟದ್ದು, ನೆರೆಯವರದ್ದು, ಘಟ್ಟದ ಕೆಳಗಿನ ಒಬ್ಬ ನೆಂಟರದ್ದು, ಹೀಗೆ ಮೂರು ತೋಟಗಳಿಂದ ಬುಟ್ಟಿಗಟ್ಟಲೆ ಕಾಯಿ ತಂದು ಒಂದೊಂದರ ಉದ್ದ ಮತ್ತು ಅಡ್ಡಳತೆಯನ್ನು ವರ್ನಿಯರ್‌ನಲ್ಲಿ ಹಿಡಿದು ಪುಸ್ತಕದಲ್ಲಿ ಬರೆದುಕೊಂಡೆ. ಅಡ್ಡಳತೆ ಸುಮಾರು 30 ಮಿ.ಮೀ.ನಿಂದ 45 ಮಿ.ಮೀ.ವರೆಗೆ ಹರಡಿತ್ತು. ಒಂದೇ ಅಂತರದಲ್ಲಿ ಇಷ್ಟನ್ನೂ ಸುಲಿಯಲು ಹೊರಟಿದ್ದೇ ತಪ್ಪು. ಮೊದಲು ಜರಡಿಯಲ್ಲಿ ಗಾತ್ರ ವಿಂಗಡಿಸಬೇಕು, ಆಮೇಲೂ ಉಳಿಯುವ ವ್ಯತ್ಯಾಸವನ್ನು ಸ್ಪ್ರಿಂಗ್ ನುಂಗಿಕೊಳ್ಳಬೇಕು. ಈ ಎರಡು ವಾಕ್ಯಗಳನ್ನು ಬರೆಯುವುದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಕಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಹೊಸ ತಂತ್ರಜ್ಞಾನ ಕೈಹಿಡಿದದ್ದು ಅಲ್ಲಿಂದ ಮುಂದೆ. ಪೀಣ್ಯದಲ್ಲಿ ಬಳಸುತ್ತಿದ್ದ, ಕಂಪ್ಯೂಟರಿನಲ್ಲಿ ಯಂತ್ರದ ನಕ್ಷೆ ಬಿಡಿಸುವ ಕ್ಯಾಡ್ ತಂತ್ರಾಂಶದ ಪರವಾನಗಿ ಕೊಳ್ಳುವ ಶಕ್ತಿ ನನಗಿರಲಿಲ್ಲ. ಉಚಿತವಾಗಿ ಸಿಗುವ, ಮುಕ್ತ ತಂತ್ರಾಂಶವಾದ ಫ್ರೀಕ್ಯಾಡ್ ಕಲಿತೆ. ಆಗ ಅದು ಆಗಾಗ ಕೈಕೊಡುತ್ತಿತ್ತು, ಅದರ 1.0 ಆವೃತ್ತಿ ಬಂದದ್ದೇ 2024ರ ನವೆಂಬರಿನಲ್ಲಿ. ಆಮೇಲೆ ಒಂದು ತ್ರೀಡಿ ಪ್ರಿಂಟರ್ ತಂದೆ. ರೋಲರಿನ ಹಲ್ಲಿನ ಆಕಾರವನ್ನು ರಾತ್ರಿ ಬದಲಿಸಿ ಮುದ್ರಣಕ್ಕೆ ಹಾಕಿದರೆ ಬೆಳಿಗ್ಗೆ ಪ್ಲಾಸ್ಟಿಕ್ಕಿನ ತುಂಡುಗಳು ಸಿದ್ಧವಾಗಿರುತ್ತಿದ್ದವು. ಅವನ್ನು ಉಕ್ಕಿನ ಶಾಫ್ಟಿಗೆ ಪೋಣಿಸಿ ಒಂದು ಬುಟ್ಟಿ ಕಾಯಿ ಸುಲಿದು ನೋಡುವಷ್ಟು ಹೊತ್ತು ಅವು ತಾಳುತ್ತಿದ್ದವು. ಹಲ್ಲು ಸಿಪ್ಪೆಯನ್ನು ಕಚ್ಚಿ ಎಳೆಯುತ್ತದೋ ಬರೀ ಜಾರುತ್ತದೋ ಎಂದು ತಿಳಿಯಲು ಒಂದು ಬುಟ್ಟಿ ಸಾಕು. ಆದರೆ ಬಾಳಿಕೆಯ ಬಗ್ಗೆ ಈ ತುಂಡುಗಳು ಏನನ್ನೂ ಹೇಳುವುದಿಲ್ಲ. ಸಾಮಾನ್ಯವಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಮಾರ್ಚ್ ತಿಂಗಳಲ್ಲಿ ಕುಮಟಾದ ಬಿಸಿಲಿಗೆ ನಿಲ್ಲಿಸಿದ್ದ ಕಾರಿನೊಳಗೆ ಬಿಟ್ಟುಹೋಗಿದ್ದ ಒಂದು ಡಬ್ಬಿ ರೋಲರ್ ತುಂಡುಗಳು ಊಟ ಮುಗಿಸಿ ಬರುವಷ್ಟರಲ್ಲಿ ಸೊಟ್ಟಗಾಗಿದ್ದವು. ಆಕಾರ ತಿಳಿಯಲು ಪ್ರಿಂಟರ್, ಬಾಳಿಕೆ ತಿಳಿಯಲು ಉಕ್ಕು ಎಂದು ಅಂದಿನಿಂದ ಬೇರೆ ಮಾಡಿಕೊಂಡೆ.

ಅಂತಿಮ ರೂಪವನ್ನು 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿಸುವುದಕ್ಕೆ ಶಿರಸಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಯೇ ನನ್ನ ಕಾರ್ಖಾನೆಯಾಯಿತು. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಲೇಸರ್‌ನಿಂದ ತಗಡು ಕತ್ತರಿಸುವವರಿದ್ದಾರೆ. ನಕ್ಷೆಯ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಕತ್ತರಿಸಿದ ತಗಡು ಬಸ್ಸಿನಲ್ಲಿ ಬರುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ನಿಮಿಷಗಳ ಲೆಕ್ಕದಲ್ಲಿ ಬಾಡಿಗೆಗೆ ಪಡೆದಂತೆ ಇದು. ಆದರೆ ತಗಡನ್ನು ಬಾಗಿಸುವ ಲೆಕ್ಕವನ್ನು ನಾನು ಸರಿಯಾಗಿ ಹಾಕಿರಲಿಲ್ಲ. ಬಾಗಿಸಿದಾಗ ತಗಡಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಒಂದು ಪದರ ಮಾತ್ರ ಇದ್ದಷ್ಟೇ ಉಳಿಯುತ್ತದೆ. ಆ ಪದರ ಎಲ್ಲಿದೆ ಎಂಬುದು ಲೋಹ, ದಪ್ಪ ಮತ್ತು ಬಾಗಿಸುವ ಅಚ್ಚನ್ನು ಅವಲಂಬಿಸಿದೆ. ಪುಸ್ತಕದ ಸಂಖ್ಯೆಯನ್ನು ನಂಬಿ ಕಳಿಸಿದ ಮೊದಲ ಹತ್ತು ಪೆಟ್ಟಿಗೆಗಳಲ್ಲಿ ಬೇರಿಂಗ್‌ನ ರಂಧ್ರಗಳು ಒಂದಕ್ಕೊಂದು ಎದುರಾಗಲಿಲ್ಲ. ಈಗ ಹೊಸ ದಪ್ಪದ ತಗಡು ಬಂದರೆ ಮೊದಲು 100 ಮಿ.ಮೀ. ಉದ್ದದ ಪಟ್ಟಿಯೊಂದನ್ನು ಅದೇ ಅಚ್ಚಿನಲ್ಲಿ ಬಾಗಿಸಿ, ಎರಡೂ ತೋಳುಗಳನ್ನು ಅಳೆದು, ಆ ಅಳತೆಯಿಂದಲೇ ನಕ್ಷೆ ಮಾಡುತ್ತೇನೆ.

ಹೆಚ್ಚು ಕಾಲ ಕಾಡಿದ್ದು ಮೋಟಾರು. ಹಳ್ಳಿಯ ಮನೆಗೆ ಸಿಂಗಲ್ ಫೇಸ್. ಆ ಬಗೆಯ ಮೋಟಾರಿಗೆ ಸಿಪ್ಪೆ ಸಿಕ್ಕಿ ನಿಂತರೆ ಮತ್ತೆ ಹೊರಡುವ ಬಲ ಸಾಲುವುದಿಲ್ಲ, ವೇಗವನ್ನು ಹೆಚ್ಚು ಕಡಿಮೆ ಮಾಡುವುದೂ ಕಷ್ಟ. ವಿಎಫ್‌ಡಿ ಎಂಬ ಸಾಧನ ಅಗ್ಗವಾದ ಮೇಲೆ ದಾರಿ ಕಂಡಿತು. ಇದು 230 ವೋಲ್ಟಿನ ಸಿಂಗಲ್ ಫೇಸ್ ಪಡೆದು ಅಷ್ಟೇ ವೋಲ್ಟಿನ ತ್ರೀ ಫೇಸ್ ಕೊಡುತ್ತದೆ, ಆವರ್ತನವನ್ನು ನಮಗೆ ಬೇಕಾದಂತೆ ಬದಲಿಸಿ ವೇಗ ಹೊಂದಿಸುತ್ತದೆ. ಮೊದಲ ಪ್ರಯತ್ನದಲ್ಲಿ 2 ಎಚ್‌ಪಿ ಮೋಟಾರು ಖಾಲಿ ತಿರುಗುವಾಗ ಚೆನ್ನಾಗಿತ್ತು, ಕಾಯಿ ಹಾಕಿದೊಡನೆ ನಿಲ್ಲುತ್ತಿತ್ತು. ಎರಡು ದಿನ ಬೆಲ್ಟು, ಬೇರಿಂಗು ಎಲ್ಲವನ್ನೂ ಬಿಚ್ಚಿ ನೋಡಿದ ಮೇಲೆ ಮೋಟಾರಿನ ಟರ್ಮಿನಲ್ ಡಬ್ಬಿ ತೆರೆದೆ. ನಮ್ಮಲ್ಲಿ ಸಿಗುವ ಈ ಗಾತ್ರದ ಮೋಟಾರುಗಳನ್ನು 415 ವೋಲ್ಟಿಗೆಂದು ಸ್ಟಾರ್ ಜೋಡಣೆಯಲ್ಲಿ ಕೊಟ್ಟಿರುತ್ತಾರೆ. ಸ್ಟಾರ್, ಡೆಲ್ಟಾ ಎಂದರೆ ಮೋಟಾರಿನೊಳಗಿನ ಮೂರು ಸುರುಳಿಗಳನ್ನು ಜೋಡಿಸುವ ಎರಡು ಬಗೆಗಳು. 230 ವೋಲ್ಟಿಗೆ ಅದನ್ನು ಡೆಲ್ಟಾಕ್ಕೆ ಬದಲಿಸಬೇಕು, ಇಲ್ಲವಾದರೆ ತಿರುಚುಬಲ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೂರು ಹಿತ್ತಾಳೆ ಪಟ್ಟಿಗಳನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದ್ದಷ್ಟೇ ದುರಸ್ತಿ.

ಅದಾದ ಮೇಲೆ ವೇಗವನ್ನು ತೀರಾ ಇಳಿಸುವ ಆಸೆಯಿಂದ 20 ಹರ್ಟ್ಸ್ ಆವರ್ತನದಲ್ಲಿ ಓಡಿಸಿದೆ. ಸುಲಿಯುವುದು ಸೊಗಸಾಗಿತ್ತು, ಮೋಟಾರು ಮಾತ್ರ ಮುಟ್ಟಲಾಗದಷ್ಟು ಕಾದಿತು. ಮೋಟಾರಿನ ಹಿಂಬದಿಯ ಪಂಖ ಅದರದೇ ಶಾಫ್ಟಿನ ಮೇಲಿರುತ್ತದೆ, ಮೋಟಾರು ನಿಧಾನವಾದರೆ ಗಾಳಿಯೂ ನಿಧಾನ. ಪುಲ್ಲಿಯ ಅನುಪಾತ ಬದಲಿಸಿ ಮೋಟಾರನ್ನು ವೇಗವಾಗಿಯೂ ರೋಲರನ್ನು ನಿಧಾನವಾಗಿಯೂ ಓಡಿಸಿದೆ. ಆಗ ಇನ್ನೊಂದು ತೊಡಕು: ಮೋಟಾರು ನಿಮಿಷಕ್ಕೆ 1,140 ಸುತ್ತಿನ ಆಸುಪಾಸಿಗೆ ಬಂದರೆ ಇಡೀ ಚೌಕಟ್ಟು ಗಡಗಡ ನಡುಗುತ್ತಿತ್ತು, ಅದಕ್ಕಿಂತ ಮೇಲೂ ಕೆಳಗೂ ಶಾಂತವಾಗಿತ್ತು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವ ಫೈಫಾಕ್ಸ್ ಎಂಬ ಆ್ಯಪ್ ಮೊಬೈಲಿನೊಳಗಿನ ಸಂವೇದಕದಿಂದಲೇ ಕಂಪನವನ್ನು ಅಳೆಯುತ್ತದೆ. ಮೊಬೈಲನ್ನು ಚೌಕಟ್ಟಿಗೆ ಟೇಪಿನಿಂದ ಅಂಟಿಸಿ, ರಬ್ಬರ್ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು ನೋಡಿದರೆ ಚೌಕಟ್ಟಿನ ಸಹಜ ಕಂಪನ ಸೆಕೆಂಡಿಗೆ 19 ಬಾರಿ; ಅರವತ್ತರಿಂದ ಗುಣಿಸಿದರೆ ಅದೇ 1,140. ಓರೆಯಾಗಿ ಒಂದು ಆ್ಯಂಗಲ್ ಪಟ್ಟಿ ಬೆಸೆದೆ, ನಡುಕ ನಾವು ಓಡಿಸುವ ವೇಗದ ಆಚೆಗೆ ಹೋಯಿತು. ಇದೇ ಅಳತೆಗೆ ಪೀಣ್ಯದಲ್ಲಿ ನಾವು ಹೊರಗಿನಿಂದ ತಜ್ಞರನ್ನು ಕರೆಸುತ್ತಿದ್ದೆವು.

ಈ ಕಂಪನದ ಪಾಠವೇ ನನ್ನನ್ನು ಕರಾವಳಿಗೆ ಇಳಿಸಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನಿಗೆ ಐಸ್ ಒದಗಿಸುವ ಪ್ಲಾಂಟ್‌ಗಳ ದೊಡ್ಡ ದುರಸ್ತಿಯೆಲ್ಲ ಆಗಲೇ ನಡೆಯುತ್ತದೆ. ಅಡಿಕೆಯವನಾದ ನನಗೂ ಮಳೆಗಾಲದಲ್ಲಿ ಬಿಡುವು. ಕಾರವಾರದ ಕಡೆಯ ಒಂದು ಪ್ಲಾಂಟಿನಲ್ಲಿ ಕಂಪ್ರೆಸರ್ ಮೋಟಾರಿನ ಬೇರಿಂಗ್ ಕೆಡುವ ಮೊದಲೇ ಸುಳಿವು ಕೊಡುವ ಸಾಧನ ಬೇಕೆಂದರು. ಕೆಲವು ನೂರು ರೂಪಾಯಿಯ ವೈ-ಫೈ ಇರುವ ಕಂಟ್ರೋಲರ್ ಹಲಗೆ, ಒಂದು ಕಂಪನ ಸಂವೇದಕ, ಕೃತಕ ಬುದ್ಧಿಮತ್ತೆಯ ಸಹಾಯದಿಂದ ಬರೆಸಿಕೊಂಡು ನಾನೇ ಸಾಲುಸಾಲಾಗಿ ಓದಿ ತಿದ್ದಿದ ಪ್ರೋಗ್ರಾಂ, ಇಷ್ಟರಲ್ಲಿ ಕೆಲಸ ಮುಗಿಯಿತು ಎಂದುಕೊಂಡೆ. ಐದನೆಯ ವಾರಕ್ಕೆ ಸಾಧನ ಸತ್ತಿತು. ಐಸ್ ಪ್ಲಾಂಟಿನಲ್ಲಿ ತಂಪು ಮಾಡಲು ಬಳಸುವ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಅಂಥ ಪ್ಲಾಂಟಿನ ಕೊಳವೆಗಳೆಲ್ಲ ಉಕ್ಕಿನವು ಏಕೆ ಎಂದು ಪರೀಕ್ಷೆಯಲ್ಲಿ ಉತ್ತರ ಬರೆದು ಅಂಕ ಗಳಿಸಿದ್ದ ನಾನು, ತಾಮ್ರದ ಗೆರೆಗಳಿರುವ ಸರ್ಕ್ಯೂಟ್ ಹಲಗೆಯನ್ನು ಬರಿಮೈಯಲ್ಲಿ ಅಲ್ಲಿ ಕೂರಿಸಿದ್ದೆ. ಸಾಲದ್ದಕ್ಕೆ ಸಮುದ್ರದ ಉಪ್ಪುಗಾಳಿ ಬೇರೆ. ಎರಡನೆಯದನ್ನು ಪೂರ್ತಿ ಎಪಾಕ್ಸಿ ಅಂಟಿನಲ್ಲಿ ಮುಳುಗಿಸಿ, 316 ದರ್ಜೆಯ ಉಕ್ಕಿನ ಡಬ್ಬಿಯಲ್ಲಿಟ್ಟು ಕೊಟ್ಟೆ. ಆ ದರ್ಜೆಯಲ್ಲಿರುವ ಶೇ. 2–3ರಷ್ಟು ಮಾಲಿಬ್ಡಿನಮ್ ಉಪ್ಪಿಗೆ ಹೆಚ್ಚು ತಾಳುತ್ತದೆ. ಅದು ಈಗಲೂ ನಡೆಯುತ್ತಿದೆ.

ಉದ್ಯೋಗದ ಬಗ್ಗೆ ಕೇಳಲು ಬರುವವರಿಗೆ ನಾನು ನಮ್ಮ ಜಿಲ್ಲೆಯನ್ನೇ ತೋರಿಸುತ್ತೇನೆ. ಕೈಗಾ ಅಣುವಿದ್ಯುತ್ ಕೇಂದ್ರದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಅಲ್ಲಿಯ ಭಾರಜಲ ರಿಯಾಕ್ಟರಿಗೆ ಓಡುತ್ತಿರುವಾಗಲೇ ಇಂಧನ ತುಂಬುವ ಯಂತ್ರಗಳಿವೆ, ಪಂಪು ಟರ್ಬೈನುಗಳ ಕಂಪನವನ್ನು ಹಗಲಿರುಳು ಗಮನಿಸುವವರಿದ್ದಾರೆ. ಕಾಳಿ, ಶರಾವತಿಗಳ ಜಲವಿದ್ಯುತ್ ಕೇಂದ್ರಗಳಿವೆ. ಕಾರವಾರದ ನೌಕಾನೆಲೆಯಲ್ಲಿ ಹಡಗನ್ನೇ ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್ ಇದೆ, ಅಲ್ಲಿಯ ದುರಸ್ತಿ ಕಟ್ಟೆ ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ನಮ್ಮ ರೈತರು ಈಗ ಹಿಡಿಯುತ್ತಿರುವ ಕಾರ್ಬನ್ ಫೈಬರ್ ದೋಟಿಯೂ ವಿಮಾನಗಳಲ್ಲಿ ಬಳಸುವ ಜಾತಿಯ ವಸ್ತುವೇ. (ಅದು ವಿದ್ಯುತ್ ಹರಿಸುತ್ತದೆ, ತಂತಿ ಹಾದುಹೋಗುವ ತೋಟದಲ್ಲಿ ಅದನ್ನು ಎತ್ತುವ ಮೊದಲು ತಲೆಯ ಮೇಲೆ ನೋಡಿಕೊಳ್ಳಿ ಎಂದು ಎಷ್ಟು ಸಲ ಹೇಳಿದರೂ ಸಾಲದು.) ನನ್ನ ಸಹಪಾಠಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಫ್ಟ್‌ವೇರ್‌ಗೆ ಹೋದರು, ಸಂಬಳದಲ್ಲಿ ನನ್ನನ್ನು ಎಂದೋ ದಾಟಿದ್ದಾರೆ, ಅದನ್ನು ಮುಚ್ಚಿಟ್ಟು ಹುಡುಗರನ್ನು ಈ ಕಡೆಗೆ ಎಳೆಯುವುದು ಸರಿಯಲ್ಲ.

ನನ್ನ ವರ್ಕ್‌ಶಾಪಿಗೆ ಕೆಲಸ ಕೇಳಿ ಬಂದವರ ಕೈಗೆ ನಾನು ಒಳರಂಧ್ರ 25 ಮಿ.ಮೀ. ಇರುವ 6205 ಸಂಖ್ಯೆಯ ಬೇರಿಂಗ್ ಕೊಟ್ಟು, ಇದು ಕೂರುವ ಶಾಫ್ಟಿನ ಅಳತೆ ಬರೆಯಿರಿ ಎನ್ನುತ್ತೇನೆ. ಹೆಚ್ಚಿನವರು 25 ಮಿ.ಮೀ. ಎಂದು ಬರೆದು ಕೊಡುತ್ತಾರೆ. ತ್ರೀಡಿ ಮಾದರಿಯನ್ನು ಸೊಗಸಾಗಿ ತಿರುಗಿಸಿ ತೋರಿಸಬಲ್ಲವರಿಗೂ, ಶಾಫ್ಟ್ ತಿರುಗುವ ಯಂತ್ರದಲ್ಲಿ ಅದು 25ಕ್ಕಿಂತ ಕೂದಲೆಳೆಯಷ್ಟು ದಪ್ಪವಿದ್ದು ಬೇರಿಂಗ್ ಬಿಗಿಯಾಗಿ ಕೂರಬೇಕು, ಕೆ6 ಎಂದು ಕರೆಯುವ ಅಳತೆಯ ಮಿತಿಯ ಪ್ರಕಾರ 25.002ರಿಂದ 25.015ರ ನಡುವೆ ಇರಬೇಕು ಎಂಬುದು ಹೊಳೆಯುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಎಲ್ಲ ಶಾಫ್ಟುಗಳೂ ಎಲ್ಲ ಬೇರಿಂಗುಗಳಿಗೂ ಕೂರುತ್ತವೆ. ಕಳೆದ ವರ್ಷ ಹೊನ್ನಾವರದ ಕಡೆಯ ಡಿಪ್ಲೊಮಾ ಓದಿದ ಹುಡುಗಿಯೊಬ್ಬಳು ಬರೆಯುವ ಮೊದಲು, “ಸರ್, ಶಾಫ್ಟ್ ತಿರುಗೂದೋ, ಹೊರಗಿನ ಹೌಸಿಂಗ್ ತಿರುಗೂದೋ?” ಎಂದು ತಿರುಗಿ ಕೇಳಿದಳು. ಮರುದಿನದಿಂದಲೇ ಬರಲು ಹೇಳಿದೆ. ಚಾಲಿ ಯಂತ್ರದ ಹೊಸ ರೋಲರಿನ ನಕ್ಷೆ ಈಗ ಅವಳ ಮೇಜಿನ ಮೇಲಿದೆ; ಒಣಗಿದ ಸಿಪ್ಪೆ ಹಸಿಯದರಂತೆ ಎಳೆತಕ್ಕೆ ಬಗ್ಗದೆ ಪುಡಿಯಾಗುವುದರಿಂದ ಹಲ್ಲಿನ ಆಕಾರವನ್ನೇ ಬದಲಿಸಬೇಕೆಂದು ಅವಳ ವಾದ, ಅಂತರ ಹೆಚ್ಚಿಸಿದರೆ ಸಾಕೆಂದು ನನ್ನದು. ಎರಡನ್ನೂ ಮುದ್ರಿಸಿ ಇಟ್ಟಿದ್ದೇವೆ, ಅಂಗಳದ ಅಡಿಕೆ ಒಣಗುವುದೊಂದು ಬಾಕಿ.