ಜಿಪಿಎಸ್ ಹಿಡಿದು ಓಡಾಡುವುದು: ನಾನು ಮಾಡಿಕೊಂಡಿರುವ ವ್ಯವಸ್ಥೆ

ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ಕೆಲಸ ಮಾಡುತ್ತಾ? ನಾನು ಬೆಟ್ಟ ಕಾಡು ಸುತ್ತುವವನು ಅಂತ ಗೊತ್ತಾದ ತಕ್ಷಣ ಜನ ಮೊದಲು ಕೇಳುವುದು ಇದನ್ನೇ. ಮಾಡುತ್ತದೆ. ಚೆನ್ನಾಗಿಯೇ ಮಾಡುತ್ತದೆ. ಫೋನ್ ಆಗಲಿ, ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನ ಆಗಲಿ, ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ‘ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು’ ಅಂತ ಎಡೆಬಿಡದೆ ಹೇಳುತ್ತಿರುತ್ತವೆ. ಆ ಮಾತು ನಮ್ಮನ್ನು ಮುಟ್ಟಲು ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ಸಾಧನ ದೂರದ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ಜಾಗವೂ ಗೊತ್ತಾಗುತ್ತದೆ, ಎತ್ತರವೂ ಗೊತ್ತಾಗುತ್ತದೆ. ಮೂರು ಸಾಲದೇ ಅಂದರೆ, ನಮ್ಮ ಫೋನಿನ ಗಡಿಯಾರ ಉಪಗ್ರಹದ ಪರಮಾಣು ಗಡಿಯಾರದಷ್ಟು ನಿಖರ ಅಲ್ಲ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ಹೆಚ್ಚುಕಡಿಮೆ ಆಗುತ್ತದೆ, ಆ ತಪ್ಪನ್ನು ಕಳೆಯಲು ನಾಲ್ಕನೆಯದು ಬೇಕು. ಇದಕ್ಕೆಲ್ಲ ಸಿಮ್ ಬೇಡ, ಡೇಟಾ ಬೇಡ. ಡೇಟಾ ಬೇಕಾಗುವುದು ಮ್ಯಾಪಿಗೆ.

ನಾನು ಎಲ್ಲಿದ್ದೇನೆ ಅನ್ನುವುದು ಒಂದು ವಿಷಯ. ಯಾವ ಕಡೆ ಹೋಗಬೇಕು ಅನ್ನುವುದು ಬೇರೆಯದೇ ವಿಷಯ. ಮೊದಲನೆಯದನ್ನು ಉಪಗ್ರಹ ಹೇಳುತ್ತದೆ, ತೆರೆದ ಬಯಲಲ್ಲಿ ಅದು ಸಾಮಾನ್ಯ ಫೋನಿನಲ್ಲೂ 5 ಮೀಟರ್ ಆಸುಪಾಸಿನಲ್ಲಿ ಸರಿಯಾಗಿರುತ್ತದೆ, ಅದನ್ನು ನಾನು ನಂಬುತ್ತೇನೆ. ಎರಡನೆಯದನ್ನು ಹೇಳುವುದು ಯಾರೋ ಬರೆದ ಮ್ಯಾಪು ಮತ್ತು ಆ್ಯಪಿನ ಲೆಕ್ಕಾಚಾರ. ಅದನ್ನು ಪರೀಕ್ಷೆ ಮಾಡದೆ ನಂಬುವುದಿಲ್ಲ. ನಾನು ಕೊಂಡಿರುವ ಸಾಮಾನು, ಹೊರಡುವ ಮೊದಲು ಮಾಡುವ ಕೆಲಸ, ಎಲ್ಲವೂ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ.

ಹೊರಡುವ ಹಿಂದಿನ ದಿನ ಮ್ಯಾಪ್ ಇಳಿಸಿಕೊಳ್ಳುತ್ತೇನೆ. ಗೂಗಲ್ ಮ್ಯಾಪ್ಸ್‌ನಲ್ಲಿ ಬೇಕಾದ ಪ್ರದೇಶವನ್ನು ಆಫ್‌ಲೈನ್ ಉಳಿಸಬಹುದು, ರಸ್ತೆ ಪ್ರಯಾಣಕ್ಕೆ ಅಷ್ಟು ಸಾಕು. ಆದರೆ ಅಲ್ಲಿ ಆಫ್‌ಲೈನ್‌ನಲ್ಲಿ ನಡೆಯುವ ದಾರಿ ಸಿಗುವುದಿಲ್ಲ. ಕಾಲುದಾರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಬರೆಯುವ ಮ್ಯಾಪು) ಮಾಹಿತಿ ಬಳಸುವ ಆ್ಯಪ್‌ಗಳೇ ಬೇಕು. ನಾನು ಆಸ್ಮ್‌ಅಂಡ್ ಬಳಸುತ್ತೇನೆ. ಆರ್ಗ್ಯಾನಿಕ್ ಮ್ಯಾಪ್ಸ್ ಇನ್ನೂ ಸರಳ, ಹೊಸಬರಿಗೆ ಅದನ್ನೇ ಹೇಳುತ್ತೇನೆ. ಇಳಿಸಿದ ಮೇಲೆ ಏರೋಪ್ಲೇನ್ ಮೋಡ್ ಹಾಕಿ ಮನೆಯಲ್ಲೇ ಒಮ್ಮೆ ತೆರೆದು ನೋಡುವುದು ಮುಖ್ಯ. ಮ್ಯಾಪು ದೊಡ್ಡದು ಮಾಡಿ, ಸಣ್ಣದು ಮಾಡಿ, ಊರಿನ ಹೆಸರು ಹುಡುಕಿ, ದಾರಿ ಹಾಕಿಸಿ ನೋಡಿ. ಈ ನಾಲ್ಕೂ ಆದರೆ ಮಾತ್ರ ಮ್ಯಾಪು ನಿಜವಾಗಿ ಫೋನಿನೊಳಗಿದೆ ಅಂತ ಅರ್ಥ.

ಆ್ಯಪ್ ಹಾಕಿಕೊಟ್ಟ ದಾರಿಯನ್ನು ಹಾಗೇ ಒಪ್ಪಿಕೊಳ್ಳುವುದಿಲ್ಲ ಅಂದೆನಲ್ಲ, ಅದನ್ನು ಹೀಗೆ ನೋಡುತ್ತೇನೆ. ಉಪಗ್ರಹ ಚಿತ್ರದ ಪದರ ಹಾಕಿ ದಾರಿಯುದ್ದಕ್ಕೂ ಬೆರಳಾಡಿಸುತ್ತೇನೆ: ಡಾಂಬರು ಎಲ್ಲಿ ಮುಗಿಯುತ್ತದೆ, ಹಳ್ಳ ದಾಟುವಲ್ಲಿ ಸೇತುವೆ ಇದೆಯಾ, ರಸ್ತೆ ತೋಟದೊಳಗೆ ಹೊಕ್ಕು ನಿಲ್ಲುತ್ತದಾ. ಅನುಮಾನ ಬಂದ ತುಂಡಿನ ಆಚೆ ಈಚೆ ನನಗೆ ಬೇಕಾದ ರಸ್ತೆಯ ಮೇಲೆ ಒಂದೆರಡು ನಿಲುಗಡೆ ಸೇರಿಸುತ್ತೇನೆ, ಆಗ ಆ್ಯಪ್ ಅಡ್ಡದಾರಿ ಹಿಡಿಸುವುದಿಲ್ಲ. ಎರಡು ನಿಮಿಷ ಉಳಿಸಲು ಹೆದ್ದಾರಿ ಬಿಡಿಸಿ ಕಿರುದಾರಿಗೆ ತಿರುಗಿಸುವ ಅಭ್ಯಾಸ ಈ ಲೆಕ್ಕಾಚಾರಗಳಿಗೆ ಇದ್ದೇ ಇದೆ, ರಾತ್ರಿ ಹೊತ್ತಿನಲ್ಲಿ ಮಳೆಯಲ್ಲಿ ಅದು ಯಾರಿಗೂ ಬೇಡ. ನಡಿಗೆಯಾದರೆ ಮ್ಯಾಪಿನಲ್ಲಿ ಎತ್ತರದ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು, ನೋಡುತ್ತೇನೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ಬಿಡಿಬಿಡಿಯಾಗಿದ್ದರೆ ಸಮನೆಲ. ಆ್ಯಪ್ ತೋರಿಸುವ ಸಮಯಕ್ಕಿಂತ 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಕೊಟ್ಟ ಲೆಕ್ಕವೇ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೆನ್ನ ಮೇಲೆ ಭಾರ ಇದ್ದರೆ, ದಾರಿ ಕಲ್ಲುಮುಳ್ಳಾಗಿದ್ದರೆ ಇನ್ನೂ ಸೇರಿಸಿಕೊಳ್ಳಬೇಕು.

ಇನ್ನೊಂದು ಕೆಲಸವನ್ನು ನೆಟ್‌ವರ್ಕ್ ಇರುವಾಗಲೇ ಮುಗಿಸಬೇಕು. ಉಪಗ್ರಹದ ಕಕ್ಷೆಯ ವಿವರ ಸಿಗದೆ ಫೋನ್ ಲೆಕ್ಕ ಹಾಕಲಾರದು. ಅದನ್ನು ನೇರವಾಗಿ ಉಪಗ್ರಹದಿಂದಲೇ ಪಡೆಯಬಹುದು, ಆದರೆ ಅದು ಬರುವುದು ಸೆಕೆಂಡಿಗೆ 50 ಬಿಟ್‌ನಂತೆ, ಒಂದು ಉಪಗ್ರಹದ ವಿವರಕ್ಕೇ ಅರ್ಧ ನಿಮಿಷ ಬೇಕು, ನಡುವೆ ಸಿಗ್ನಲ್ ಕಡಿದರೆ ಮತ್ತೆ ಕಾಯಬೇಕು. ಡೇಟಾ ಇದ್ದರೆ ಫೋನ್ ಅದೇ ಮಾಹಿತಿಯನ್ನು ಇಂಟರ್ನೆಟ್ಟಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಆದ್ದರಿಂದ ಸಿಗ್ನಲ್ ಇರುವ ಕೊನೆಯ ಜಾಗದಲ್ಲಿ ಮ್ಯಾಪ್ ತೆರೆದು, ನೀಲಿ ಚುಕ್ಕಿ ಗಟ್ಟಿಯಾಗಿ ಕೂರುವವರೆಗೆ ನಿಂತು, ಆಮೇಲೆ ಏರೋಪ್ಲೇನ್ ಮೋಡ್ ಹಾಕುತ್ತೇನೆ. ಆ ಮೋಡ್‌ನಲ್ಲಿ ಹೆಚ್ಚಿನ ಫೋನ್‌ಗಳಲ್ಲಿ ಜಿಪಿಎಸ್ ನಡೆಯುತ್ತಲೇ ಇರುತ್ತದೆ. ಕಾಡಿನಲ್ಲಿ ಬ್ಯಾಟರಿ ತಿನ್ನುವುದು ಜಿಪಿಎಸ್ ಅಂತ ಎಲ್ಲರೂ ಬೈಯುತ್ತಾರೆ. ಜಾಸ್ತಿ ತಿನ್ನುವುದು ಬೆಳಗಿರುವ ಸ್ಕ್ರೀನ್, ಮತ್ತೆ ಸಿಗದ ಟವರಿಗಾಗಿ ಫೋನ್ ಬಿಡದೆ ನಡೆಸುವ ಹುಡುಕಾಟ.

ಬೈಕಿನ ವಿಷಯಕ್ಕೆ ಬಂದರೆ ಹೋಲ್ಡರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾಲ್ಕು ಮೂಲೆ ರಬ್ಬರ್ ಹಾಕಿ ಎಳೆದು ಕೂರಿಸುವ ಹೋಲ್ಡರ್‌ಗಳು ಹಳ್ಳದ ರಸ್ತೆಯಲ್ಲಿ ನಿಧಾನಕ್ಕೆ ಸಡಿಲಾಗುತ್ತವೆ, ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತದೆ. ನಾನು ಬಳಸುವುದು ತಿರುಗಿಸಿದರೆ ಲಾಕ್ ಆಗುವಂಥದ್ದು, ಅದರ ಜೊತೆ ಕಂಪನ ತಡೆಯುವ ಒಂದು ತುಂಡು. ಆ ತುಂಡು ಯಾಕೆ ಬೇಕು ಅಂದರೆ, ಈಗಿನ ಫೋನ್‌ಗಳ ಕ್ಯಾಮೆರಾದೊಳಗೆ ಚಿತ್ರ ಅಲುಗದಂತೆ ಹಿಡಿಯುವ ಪುಟ್ಟ ಚಲಿಸುವ ಭಾಗಗಳಿರುತ್ತವೆ, ದೊಡ್ಡ ಎಂಜಿನ್ನಿನ ನಡುಕ ಅದನ್ನು ಹಾಳು ಮಾಡಬಹುದು. 2021ರಲ್ಲಿ ಆ್ಯಪಲ್ ಕಂಪನಿ ಇದನ್ನೇ ಬರೆದು ಎಚ್ಚರಿಸಿತು. ಕೇಬಲ್ ಎಲ್-ಆಕಾರದ ಪಿನ್ನಿನದ್ದೇ ಇರಲಿ. ನೇರ ಪಿನ್ ಆದರೆ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೇಬಲ್ ಜಗ್ಗಿ ಫೋನಿನ ಪೋರ್ಟ್ ಮೇಲೆ ಭಾರ ಬೀಳುತ್ತದೆ. ಕಟ್ಟಿದ ಮೇಲೆ ಗಾಡಿ ನಿಲ್ಲಿಸಿಕೊಂಡೇ ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡುತ್ತೇನೆ. ಎಲ್ಲೂ ಬಿಗಿ ಅನ್ನಿಸಬಾರದು, ಬ್ರೇಕ್ ತಂತಿಗೆ ಸುತ್ತಿಕೊಳ್ಳಬಾರದು. ಮಳೆ ಶುರುವಾದರೆ ಚಾರ್ಜಿಂಗ್ ತೆಗೆದು ಪೋರ್ಟ್ ಮುಚ್ಚುತ್ತೇನೆ. ಒಂದು ಕಿವಿಗೆ ಇಯರ್‌ಫೋನ್ ಹಾಕಿ ಧ್ವನಿ ಮಾತ್ರ ಕೇಳಿದರೆ ಸ್ಕ್ರೀನ್ ನೋಡುವ ಅಗತ್ಯವೇ ಬೀಳುವುದಿಲ್ಲ ಅನ್ನುವವರಿದ್ದಾರೆ. ನಾನು ಹಾಕುವುದಿಲ್ಲ. ಹಿಂದೆ ಬರುವ ಗಾಡಿಯ ಸದ್ದು ನನಗೆ ಬೇಕು. ಬದಲಿಗೆ ಮುಂದಿನ ಎರಡು ಮೂರು ತಿರುವು ನೆನಪಿಟ್ಟುಕೊಂಡು ಹೊರಡುತ್ತೇನೆ.

ಕಾರಿನಲ್ಲಿ ಮುಂದಿನ ಗಾಜಿಗೆ ಅಂಟಿಸಿದ ಫೋನ್ ಬಿಸಿಲಿಗೆ ಕಾದು ಮಂಕಾಗುತ್ತದೆ, ಚಾರ್ಜಿಂಗ್ ನಿಲ್ಲಿಸುತ್ತದೆ. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರ್‌ನಲ್ಲಿ ಈ ತೊಂದರೆ ಇಲ್ಲ.

ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ ಅಂತ ಬರೆದಿದ್ದರೆ ಅದು ಒಳಗಿನ ಸೆಲ್ಲಿನ ಲೆಕ್ಕ, 3.7 ವೋಲ್ಟ್‌ನಲ್ಲಿ. 5 ವೋಲ್ಟಿಗೆ ಏರಿಸುವಾಗಿನ ನಷ್ಟ ಕಳೆದರೆ ಕೈಗೆ ಸಿಗುವುದು 6,000 ಚಿಲ್ಲರೆ. 5,000 ಎಂಎಎಚ್ ಫೋನನ್ನು ಎರಡು ಸಲ ತುಂಬಿಸುತ್ತದೆ ಅಂತ ನಂಬಿ ಹೊರಡಬಾರದು, ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಸಲ ಅಂತ ಇಟ್ಟುಕೊಳ್ಳಿ. ಚಳಿಯ ಜಾಗದಲ್ಲಿ ಇನ್ನೂ ಕಡಿಮೆ. ಅಂಥ ಕಡೆ ಫೋನ್, ಪವರ್ ಬ್ಯಾಂಕ್ ಎರಡನ್ನೂ ಜಾಕೆಟ್ಟಿನ ಒಳಜೇಬಿನಲ್ಲಿ ಇಡುತ್ತೇನೆ, ಮಲಗುವಾಗ ಹೊದಿಕೆಯೊಳಗೆ.

ಒಂದು ದಿನದ ನಡಿಗೆಗೆ ಫೋನ್ ಸಾಕು. ಒಂದಕ್ಕಿಂತ ಜಾಸ್ತಿ ದಿನ ಇದ್ದರೆ ಕೈಯಲ್ಲಿ ಹಿಡಿಯುವ ಪ್ರತ್ಯೇಕ ಜಿಪಿಎಸ್ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಗಾರ್ಮಿನ್ ಇಟ್ರೆಕ್ಸ್ ಸಾಲಿನ ಹಲವು ಮಾಡೆಲ್‌ಗಳು ಎರಡು ಎಎ ಸೆಲ್ ಮೇಲೆ ನಡೆಯುತ್ತವೆ, ಸೆಲ್ ಮುಗಿದರೆ ಬೇರೆ ಎರಡು ಹಾಕಿದರಾಯಿತು. ಬಟನ್ ಇರುವುದರಿಂದ ಒದ್ದೆ ಕೈಯಲ್ಲೂ, ಗ್ಲೌಸ್ ಹಾಕಿಕೊಂಡೂ ಒತ್ತಬಹುದು. ಬಿಸಿಲಲ್ಲಿ ಸ್ಕ್ರೀನ್ ಇನ್ನೂ ಚೆನ್ನಾಗಿ ಕಾಣುತ್ತದೆ. ರೀಚಾರ್ಜ್ ಮಾಡುವ ಸೆಲ್ ಹಾಕಿದರೆ ಸೆಟ್ಟಿಂಗ್‌ನಲ್ಲಿ ಸೆಲ್ಲಿನ ಬಗೆಯನ್ನೂ ಬದಲಿಸಬೇಕು. ಅವು 1.2 ವೋಲ್ಟಿನವು, ಬದಲಿಸದಿದ್ದರೆ ಬ್ಯಾಟರಿ ಎಷ್ಟು ಉಳಿದಿದೆ ಅನ್ನುವ ಗುರುತು ತಪ್ಪು ತೋರಿಸುತ್ತದೆ.

ದಾರಿಯನ್ನು ಜಿಪಿಎಕ್ಸ್ ಫೈಲ್ (ಮ್ಯಾಪ್ ಆ್ಯಪ್‌ಗಳೂ ಜಿಪಿಎಸ್ ಸಾಧನಗಳೂ ಓದಬಲ್ಲ ದಾರಿಯ ಫೈಲ್) ಮಾಡಿ ಫೋನಿಗೂ ಹಾಕುತ್ತೇನೆ, ಸಾಧನಕ್ಕೂ ಹಾಕುತ್ತೇನೆ. ಜೊತೆಗೆ ಬರುವವರ ಫೋನಿಗೂ ಕಳಿಸುತ್ತೇನೆ. ನೀರು ಸಿಗುವ ಜಾಗ, ಕವಲು, ಕತ್ತಲಾದರೆ ಇಳಿದುಹೋಗಬಹುದಾದ ಹತ್ತಿರದ ರಸ್ತೆ, ಇವನ್ನು ಗುರುತು ಮಾಡಿಕೊಂಡಿರುತ್ತೇನೆ. ನಡೆಯಲು ಶುರು ಮಾಡುವಾಗಲೇ ಟ್ರ್ಯಾಕ್ ರೆಕಾರ್ಡಿಂಗ್ ಆನ್ ಮಾಡುತ್ತೇನೆ. ಮುಂದಿನ ದಾರಿ ಬೇರೆಯವರು ಬರೆದದ್ದು, ಆದರೆ ರೆಕಾರ್ಡ್ ಆದ ಗೆರೆ ನಾನೇ ನಡೆದು ಬಂದದ್ದು. ಮಂಜು ಕವಿದಾಗ ವಾಪಸ್ ಹೋಗಲು ಅದಕ್ಕಿಂತ ಭದ್ರವಾದ ದಾರಿ ಇಲ್ಲ.

ಕವಲಿನಲ್ಲಿ ನಿಂತಾಗ ಏನು ನೋಡುತ್ತೇನೆ ಅಂತ ಹೇಳುತ್ತೇನೆ. ಎರಡು ಕಾಲುದಾರಿ ಏಳೆಂಟು ಮೀಟರ್ ಅಂತರದಲ್ಲಿ ಜೊತೆಜೊತೆಗೇ ಹೊರಡುತ್ತವೆ ಅಂತಿಟ್ಟುಕೊಳ್ಳಿ. ಜಿಪಿಎಸ್ಸಿನ ತಪ್ಪೇ 5 ಮೀಟರ್ ಇರುವಾಗ ನಾನು ಯಾವುದರ ಮೇಲಿದ್ದೇನೆ ಅಂತ ಅದು ಹೇಳಲಾರದು. ಮರದ ಕೆಳಗೆ, ಅದರಲ್ಲೂ ಎಲೆ ಒದ್ದೆಯಾಗಿದ್ದರೆ, ಆಳವಾದ ಕಣಿವೆಯಲ್ಲಿ, ಎತ್ತರದ ಕಟ್ಟಡಗಳ ನಡುವೆ ತಪ್ಪು ಇನ್ನೂ ಜಾಸ್ತಿ, ಯಾಕೆಂದರೆ ಸಿಗ್ನಲ್ ಸೊರಗುತ್ತದೆ, ಬಂಡೆಗೋ ಗೋಡೆಗೋ ಬಡಿದು ಸುತ್ತಿ ಬರುತ್ತದೆ. ಬಾಣದ ಗುರುತೂ ನಿಂತಾಗ ನಂಬುವಂಥದ್ದಲ್ಲ. ನಡೆಯುತ್ತಿರುವಾಗ ದಿಕ್ಕು ಉಪಗ್ರಹದ ಲೆಕ್ಕದಿಂದಲೇ ಸಿಗುತ್ತದೆ, ನಿಂತ ತಕ್ಷಣ ಫೋನಿನೊಳಗಿನ ದಿಕ್ಸೂಚಿಯ ಕೈಗೆ ಹೋಗುತ್ತದೆ. ಆಯಸ್ಕಾಂತ ಇರುವ ಕವರ್ ಹಾಕಿದ್ದರೆ ದಿಕ್ಸೂಚಿ ಎತ್ತಲೋ ತೋರಿಸುತ್ತದೆ. ಆದ್ದರಿಂದ ಬಾಣ ನೋಡುತ್ತಾ ನಿಲ್ಲುವುದಿಲ್ಲ. ಒಂದು ದಾರಿ ಹಿಡಿದು ಐವತ್ತು ಹೆಜ್ಜೆ ನಡೆಯುತ್ತೇನೆ, ನನ್ನ ಗೆರೆ ಮ್ಯಾಪಿನ ಗೆರೆಯಿಂದ ದೂರ ಸರಿಯುತ್ತಿದೆಯಾ ನೋಡುತ್ತೇನೆ, ಸರಿಯುತ್ತಿದ್ದರೆ ವಾಪಸ್ ಬಂದು ಇನ್ನೊಂದು ಹಿಡಿಯುತ್ತೇನೆ. ಜೊತೆಗೆ ಕಣ್ಣಿಗೆ ಕಾಣುವುದನ್ನೂ ಹೊಂದಿಸಿ ನೋಡುತ್ತೇನೆ: ಹಳ್ಳ ಎಡಕ್ಕಿರಬೇಕು, ಎಡಕ್ಕಿದೆಯಾ? ಏರು ಶುರುವಾಗಬೇಕು, ಆಗಿದೆಯಾ?

ಹೊಸ ಸಾಧನ ಕೊಳ್ಳುವವರು ಎರಡು ತರಂಗಾಂತರ ಹಿಡಿಯುವಂಥದ್ದನ್ನು ನೋಡಿ, ಎಲ್1 ಮತ್ತು ಎಲ್5. ಬಡಿದು ಬರುವ ಸಿಗ್ನಲ್ಲನ್ನು ಗುರುತಿಸಲು ಎಲ್5 ಅನುಕೂಲ. ಜಿಪಿಎಸ್‌ನಂಥವೇ ಆದ ಬೇರೆ ಉಪಗ್ರಹ ವ್ಯವಸ್ಥೆಗಳು, ಅಂದರೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದು, ಭಾರತದ ನಾವಿಕ್ ಎಲ್ಲ ಸೇರಿಸಿ ಹಿಡಿದರೆ ಕಣಿವೆಯಲ್ಲೂ ಸಾಕಷ್ಟು ಉಪಗ್ರಹ ಸಿಗುತ್ತವೆ, ಬ್ಯಾಟರಿ ಮಾತ್ರ ಸ್ವಲ್ಪ ಜಾಸ್ತಿ ಹೋಗುತ್ತದೆ. ಎತ್ತರದ ಅಂಕಿ ಜಾಗದ ಅಂಕಿಯಷ್ಟು ನಿಖರ ಇರುವುದಿಲ್ಲ. ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ವಾಯುಭಾರಮಾಪಕ ಇರುವ ಸಾಧನವಾದರೆ ಎತ್ತರ ಗೊತ್ತಿರುವ ಜಾಗದಲ್ಲಿ ಒಮ್ಮೆ ಸರಿಹೊಂದಿಸಿ, ಹವಾಮಾನ ಬದಲಾದರೆ ಮತ್ತೆ ಹೊಂದಿಸಿ.

ಇದ್ದ ಜಾಗವನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರಬೇಕು. ಅಕ್ಷಾಂಶ ರೇಖಾಂಶ ಬರೆಯುವ ಬಗೆ ಬೇರೆಬೇರೆ ಇವೆ, ಜನ ಎಡವುವುದು ಅಲ್ಲೇ. 12 ಡಿಗ್ರಿ 30 ನಿಮಿಷ ಅಂದರೆ ದಶಮಾಂಶದಲ್ಲಿ 12.5, 12.30 ಅಲ್ಲ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್, ಹಾಗಾಗಿ ಈ ಒಂದು ಗೊಂದಲಕ್ಕೆ ಹುಡುಕಲು ಬಂದವರು 22 ಕಿಲೋಮೀಟರ್ ಆಚೆ ಹೋಗುತ್ತಾರೆ. ನಾವು ಎಲ್ಲರೂ ದಶಮಾಂಶವನ್ನೇ ಬಳಸುತ್ತೇವೆ, ಐದು ಅಂಕಿವರೆಗೆ. ಐದನೇ ಅಂಕಿ ಹೇಳುವುದು ಒಂದು ಮೀಟರ್ ಆಸುಪಾಸು, ಅದಕ್ಕಿಂತ ಉದ್ದ ಬರೆದು ಪ್ರಯೋಜನ ಇಲ್ಲ. ಫೋನಿನಲ್ಲಿ ಓದಿ ಹೇಳುವಾಗ ಒಂದೊಂದೇ ಅಂಕಿ ಹೇಳಿ, ಎದುರಿನವರಿಂದ ತಿರುಗಿ ಹೇಳಿಸಿಕೊಳ್ಳಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳು ಬೇರೆಯೇ, ಅವು ಸಿಗ್ನಲ್ ಕಳಿಸುತ್ತವೆ ಕೂಡ. ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಂಡರೆ ಪೊಲೀಸ್ ಕೇಸ್ ಆಗುತ್ತದೆ, ಹೋಗುವ ದೇಶದ ನಿಯಮ ನೋಡದೆ ಬ್ಯಾಗಿಗೆ ಹಾಕಬೇಡಿ. ಕಾಗದದ ಮ್ಯಾಪು, ಸಾದಾ ದಿಕ್ಸೂಚಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತವೆ.

ವಾಪಸ್ ಬಂದ ಮೇಲೆ ಟ್ರ್ಯಾಕ್ ತೆರೆದು ಕೂರುತ್ತೇನೆ. ಎಲ್ಲಿ ಮ್ಯಾಪಿನ ದಾರಿ ಈಗ ಇಲ್ಲ, ಎಲ್ಲಿ ಗೇಟ್ ಬಂದಿದೆ, ಎಲ್ಲಿ ಸೇತುವೆ ಮುರಿದಿದೆ, ಎಲ್ಲವನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಿದ್ದುತ್ತೇನೆ. 2004ರಲ್ಲಿ ಶುರುವಾದ ಆ ಮ್ಯಾಪನ್ನು ಯಾರು ಬೇಕಾದರೂ ತಿದ್ದಬಹುದು, ಕೈಹಾಕಲು ಅಂಜಿಕೆಯಾದರೆ ಆ ಜಾಗದಲ್ಲಿ ಒಂದು ಟಿಪ್ಪಣಿ ಬಿಟ್ಟರೂ ಸಾಕು, ತಿಳಿದವರು ತಿದ್ದುತ್ತಾರೆ. ಟ್ರ್ಯಾಕ್ ಹಂಚುವ ಮೊದಲು ಮನೆಯ ಹತ್ತಿರದ ತುಂಡನ್ನು ಕತ್ತರಿಸಿ ತೆಗೆಯುತ್ತೇನೆ. ತಿದ್ದಿದ್ದು ಆಫ್‌ಲೈನ್ ಮ್ಯಾಪಿಗೆ ತಕ್ಷಣ ಬರುವುದಿಲ್ಲ, ಅದಕ್ಕೆ ಮುಂದಿನ ಸಲ ಹೊರಡುವಾಗ ಹಳೆಯದನ್ನು ಅಳಿಸಿ ಹೊಸದಾಗಿ ಇಳಿಸಿಕೊಳ್ಳುತ್ತೇನೆ.