ಒಬ್ಬನೇ ದಾಟಿದ ರಾಯದುರ್ಗದ ಬೆಟ್ಟ

ನಮ್ಮೂರು ರಾಯದುರ್ಗ, ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರ. ವಾರಪೂರ್ತಿ ಮಿಷನ್ ಮುಂದೆ ಕೂತು ಜೀನ್ಸ್ ಹೊಲಿಯುವವನು ನಾನು. ಕತ್ತೆತ್ತಿದರೆ ಕಿಟಕಿಯಲ್ಲಿ ಕೋಟೆ ಬೆಟ್ಟ. ಚಿಕ್ಕಂದಿನಿಂದ ಎಷ್ಟೋ ಸಲ ಹತ್ತಿದ್ದೇನೆ, ಆದರೆ ಗುಂಪಿನಲ್ಲಿ, ಅರ್ಧದವರೆಗೆ. ಹೋದ ಡಿಸೆಂಬರಿನ ಒಂದು ರಜೆಯ ದಿನ ಒಬ್ಬನೇ ಪೂರ್ತಿ ಸುತ್ತಿ ಬರೋಣ ಅನ್ನಿಸಿತು.

ಪೂರ್ತಿ ಅಂದರೆ ಎರಡು ಬೆಟ್ಟ. ಒಂದು ಎತ್ತರ, ಇನ್ನೊಂದು ಗಿಡ್ಡ, ನಡುವೆ ಎರಡನ್ನೂ ಸೇರಿಸುವ ತಗ್ಗು. ಎತ್ತರದ ತುದಿ ಸಮುದ್ರಮಟ್ಟದಿಂದ 2,727 ಅಡಿ, ಅಲ್ಲಿ ಒಳಕೋಟೆ. ಗಿಡ್ಡ ಬೆಟ್ಟಕ್ಕೆ ಉದ್ದನೆಯ ಸುತ್ತುಗೋಡೆ.

ಮೂರು ಲೀಟರ್ ನೀರು, ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡೆ. ಬಂಡೆ ಮೇಲಿನ ದೊಣೆಗಳಲ್ಲಿ ನೀರಿರುತ್ತೆ, ಆದರೆ ಪಾಚಿ ಹಸಿರು. "ನಾಲ್ಕಕ್ಕೆ ಬರ್ಲಿಲ್ಲ ಅಂದ್ರೆ ಜನ ಕಳಿಸ್ತೀನಿ ನೋಡು" ಅಂದಳು ಅವ್ವ. ಕತ್ತಲಲ್ಲಿ ಹೊರಡಲಿಲ್ಲ. ನಮ್ಮ ಕಡೆ ಗುಡ್ಡಗಳಲ್ಲಿ ಕರಡಿ ಇವೆ. ಸೀತಾಫಲದ ಕಾಲದಲ್ಲಂತೂ ನಾನು ಒಬ್ಬನೇ ಹೋಗಲ್ಲ.

ದಶಭುಜ ಗಣಪತಿಗೆ ಕೈಮುಗಿದು ಬಿಸಿಲು ಬಿದ್ದ ಮೇಲೆ ಹತ್ತಿದೆ. ಕೋಟೆ ಬಾಗಿಲುಗಳವರೆಗೆ ದಾರಿ ಸಲೀಸು. ಆಮೇಲೆ ಬರೀ ಬಂಡೆ. ಬಂಡೆಯ ಮೇಲೆ ತುದಿಗಾಲಲ್ಲಿ ನಡೆಯಬಾರದು, ಪೂರ್ತಿ ಪಾದ ಊರಬೇಕು. ಮಳೆನೀರು ಹರಿದು ಕಪ್ಪಾದ ಪಟ್ಟಿಗಳಿರುತ್ತವಲ್ಲ, ಬೆಳಗಿನ ಇಬ್ಬನಿಗೆ ಅವು ಸೋಪಿನ ಹಾಗೆ. ಬೂದು ಬಣ್ಣದ ಒರಟು ಕಲ್ಲು ಹುಡುಕಿ ಹುಡುಕಿ ಕಾಲಿಟ್ಟೆ. ತುದಿ ಮುಟ್ಟಿದಾಗ ಹತ್ತು ಗಂಟೆ. ಒಂದು ಕಡೆ ನಮ್ಮ ಊರು, ಇನ್ನೊಂದು ಕಡೆ ಕರ್ನಾಟಕದ ಗುಡ್ಡಗಳು. 1953ರವರೆಗೆ ನಾವೂ ಬಳ್ಳಾರಿ ಜಿಲ್ಲೆಯವರೇ ಅಲ್ವಾ! ಗಡಿಯ ಗೆರೆ ಎಲ್ಲಿದೆ ಅಂತ ಹುಡುಕಿದೆ, ಸುಮ್ನೆ.

ನಡುವಿನ ತಗ್ಗಿಗೆ ಇಳಿಯುವಾಗ ಎಡವಟ್ಟು ಮಾಡಿಕೊಂಡೆ. ಬಂದ ದಾರಿಯಲ್ಲೇ ಸ್ವಲ್ಪ ವಾಪಸ್ ಬಂದು ತಿರುಗಬೇಕಿತ್ತು. ಮೇಕೆ ಹಿಕ್ಕೆ ಕಂಡಿತು, ಮೇಕೆ ಹೋದಲ್ಲಿ ನಾನೂ ಹೋದೇನು ಅಂದುಕೊಂಡು ನೇರ ಇಳಿದೆ. ಇಪ್ಪತ್ತು ಹೆಜ್ಜೆಗೆ ಬಂಡೆ ಕಡಿದಾಯಿತು. ಮೇಲೆ ಸಣ್ಣ ಗರಸು, ಹಿಡಿಯಲು ಒಂದು ಕಳ್ಳಿ ಗಿಡ ಅಷ್ಟೇ. ಕಾಲು ಜಾರಿತು. ಕುಂಡಿ ಊರಿ ಎರಡು ಆಳುದ್ದ ಜಾರಿ ಒಂದು ಬಿರುಕಿಗೆ ಹಿಮ್ಮಡಿ ಸಿಕ್ಕಿಸಿ ನಿಂತೆ. ಎದೆ ಹೊಡೆದುಕೊಳ್ಳುತ್ತಿತ್ತು.

ಕೆಳಗಿನಿಂದ ಮೇಕೆ ಕಾಯುವವರೊಬ್ಬರು ಕೂಗಿದರು. "ತಮ್ಮಾ, ಅಲ್ಲೇ ಇರು! ಮುಖ ಬಂಡೆ ಕಡೆ ಮಾಡು. ಎಡಕ್ಕ ಸರಿ, ಎಡಕ್ಕ!" ನಾಲ್ಕು ಕಾಲಲ್ಲಿ ಸರಿದೆ. ಎಡಕ್ಕೆ ಹತ್ತಡಿಯಲ್ಲೇ ಗೋಡೆ ಪಕ್ಕದ ಕಾಲುದಾರಿ ಇತ್ತು!

ಅವರಿಗೆ ಒಂದು ರೊಟ್ಟಿ ಕೊಟ್ಟೆ. ಗಿಡ್ಡ ಬೆಟ್ಟವನ್ನು ಅವರ ಹಿಂದೆಯೇ ನಡೆದೆ, ಒಬ್ಬನೇ ಅನ್ನುವ ಹಟ ಅಲ್ಲಿಗೆ ಬಿಟ್ಟೆ. ಮೂರೂವರೆಗೆ ಮನೆ.

ಪ್ಯಾಂಟಿನ ಹಿಂಭಾಗದ ಬಟ್ಟೆ ತೇದು ತೂತಾಗಿತ್ತು. ನಾನೇ ಹೊಲಿದದ್ದು. ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ.