ಅಳಗುಳಿಮಣೆಯ ಮೇಲೆ ಒಂಬತ್ತು ಪ್ರಶ್ನೆಗಳು: ನನ್ನ ಅನುಭವ

ಖಿನ್ನತೆಯನ್ನು ಗುರುತಿಸಲು ಒಂಬತ್ತು ಪ್ರಶ್ನೆ ಕೇಳುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಓದುಬರಹ ಬಾರದವರಿಗೆ ಓದಿ ಹೇಳಿ, ಉತ್ತರವನ್ನು ಅಳಗುಳಿಮಣೆಯ ಮೇಲೆ ಹುಣಸೆಬೀಜದಲ್ಲಿ ಪಡೆಯುತ್ತೇನೆ ಎಂದು ನಾನು ವಿಭಾಗದ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, "ಸಂಶೋಧನೆ ಮಾಡ್ತೀರೋ, ಚೌಕಾಬಾರ ಆಡ್ತೀರೋ?" ಎಂದು ಕೇಳಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರು ವರ್ಷಗಳಾದ ಮೇಲೆ, ಹೋದ ತಿಂಗಳು, ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ಮನೋವೈದ್ಯರು ಫೋನ್ ಮಾಡಿ, "ಆ ಬಟ್ಟೆ ಮಣೆ ನಮಗೂ ಹತ್ತು ಹೊಲಿಸಿಕೊಡಿ" ಎಂದಿದ್ದಾರೆ. ಬರೆಯುವ ಧೈರ್ಯ ಬಂದದ್ದು ಆ ಫೋನಿನಿಂದ. ತಮ್ಮ ಸ್ಥಿತಿಯನ್ನು ಜನ ತಾವೇ ಹೇಳುವ ಸ್ವವರದಿ ಮಾಪಕ ಎಂದರೇನು, ಅದರ ಮಿತಿಗಳೇನು ಎಂಬ ಪಾಠ ಇಲ್ಲಿ ಇರುವುದಿಲ್ಲ. ಪ್ರಶ್ನಾವಳಿ ಹಿಡಿದು ಒಮ್ಮೆಯಾದರೂ ಹಳ್ಳಿಯ ಜಗಲಿಯಲ್ಲಿ ಕುಳಿತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರಂತೆಯೇ ಹೊರಟವಳು. ಇಬ್ಬರಿಂದ ಅನುವಾದ, ಮತ್ತಿಬ್ಬರಿಂದ ತಿರುಗಿ ಇಂಗ್ಲಿಷಿಗೆ ಮರು-ಅನುವಾದ, ಮೂವರು ತಜ್ಞರ ಒಪ್ಪಿಗೆ ಎಂದು ಕ್ರಮ ತಪ್ಪದೆ ಮಾಡಿಸಿ ಸುಮಾರು 14 ಸಾವಿರ ರೂಪಾಯಿ ಕೊಟ್ಟೆ. 400 ಪುಸ್ತಿಕೆಗಳ ಮುದ್ರಣಕ್ಕೆ ಇನ್ನೊಂದು ಒಂಬತ್ತೋ ಹತ್ತೋ ಸಾವಿರ ಹೋಯಿತು. ಅರಸೀಕೆರೆ ಕಡೆಯ ತೆಂಗಿನ ತೋಟಗಳ ನಡುವಿನ ಕೆಲವು ಹಳ್ಳಿಗಳಲ್ಲಿ ಮೊದಲ ಕಂತಿನಲ್ಲಿ 120 ಮಂದಿಗೆ ಪ್ರಶ್ನೆಗಳನ್ನು ಓದಿ ಹೇಳಿ ಉತ್ತರ ಗುರುತಿಸಿಕೊಂಡು ಬಂದೆವು. ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದೆಂದು ನಾವು ನಂಬುವ ಕ್ರಾನ್‌ಬಾಕ್ ಆಲ್ಫಾ 0.9 ದಾಟಿತು. ಮಾರ್ಗದರ್ಶಕರು ಕಾಫಿ ತರಿಸಿದರು. ನಾನು ಮನೆಗೆ ಫೋನ್ ಮಾಡಿ ಈ ವರ್ಷವೇ ಪ್ರಬಂಧ ಮುಗಿಯುತ್ತದೆ ಎಂದೆ.

ಆ ಸಂತೋಷವನ್ನು ಕೆಡಿಸಿದವರು ಒಬ್ಬ ಆಶಾ ಕಾರ್ಯಕರ್ತೆ. ಯಾವ ಮನೆ, ಯಾರು ಎಂದು ಹೇಳದೆ, "ಮೇಡಂ, ಈ ಊರಲ್ಲಿ ಮೂರು ತಿಂಗಳಿಂದ ಎದ್ದು ಒಲೆ ಹಚ್ಚದವರು ಇಬ್ರಿದ್ದಾರೆ. ನಿಮ್ಮ ಕಾಗದದಲ್ಲಿ ಒಬ್ರಾದ್ರೂ ಸಿಕ್ಕಿದ್ರಾ?" ಎಂದರು. ಆ ಊರಿನ ಹಾಳೆಗಳನ್ನೆಲ್ಲ ತೆಗೆದು ನೋಡಿದರೆ ಖಿನ್ನತೆಯ ಅನುಮಾನಕ್ಕೆ ಬೇಕಾದ 10 ಅಂಕವನ್ನು ಮುಟ್ಟಿದವರು ಒಬ್ಬರೂ ಇರಲಿಲ್ಲ. ಒಪ್ಪಿಗೆ ಪಡೆದು ಮಾಡಿಕೊಂಡಿದ್ದ ಧ್ವನಿಮುದ್ರಣಗಳನ್ನು ಅಂದು ರಾತ್ರಿಯಿಂದ ಕೇಳತೊಡಗಿದೆ, ಹತ್ತು ದಿನ ಕೇಳಿದೆ.

ಅಲ್ಲಿ ಕೇಳಿಸಿದ್ದು ಬಹುಪಾಲು "ಹೂಂ". ನಾನು ಪ್ರಶ್ನೆಯ ಅರ್ಧದಲ್ಲಿರುವಾಗಲೇ ಉತ್ತರಿಸುವಾಕೆ ಹೂಂಗುಟ್ಟುತ್ತಿದ್ದಳು, ಕಥೆ ಕೇಳುವ ಮಗು ಹೂಂಗುಟ್ಟುವ ಹಾಗೆ. ಅದು ಒಪ್ಪಿಗೆಯಲ್ಲ, "ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳು" ಎಂಬುದಷ್ಟೆ. ನನ್ನ ಸಹಾಯಕ ಅದನ್ನು "ಕೆಲವು ದಿನಗಳು" ಎಂದು ಗುರುತಿಸಿಕೊಂಡಿದ್ದ. ಪ್ರತಿ ಪ್ರಶ್ನೆಗೂ ಆಯ್ಕೆಗಳು ನಾಲ್ಕು: ಇಲ್ಲವೇ ಇಲ್ಲ, ಕೆಲವು ದಿನಗಳು, ಅರ್ಧಕ್ಕಿಂತ ಹೆಚ್ಚು ದಿನಗಳು, ಹೆಚ್ಚುಕಡಿಮೆ ಪ್ರತಿದಿನ; ಅಂಕ 0ಯಿಂದ 3. ಇನ್ನೊಂದು ಬಗೆಯವರು ಎಲ್ಲಕ್ಕೂ "ಇಲ್ಲ" ಎನ್ನುವವರು. ಮೊದಲ ಪ್ರಶ್ನೆಯನ್ನು ನಮ್ಮ ಅನುವಾದಕರು "ಕೆಲಸಗಳಲ್ಲಿ ಆಸಕ್ತಿ ಇಲ್ಲದಿರುವುದು" ಎಂದು ಬರೆದಿದ್ದರು. ಅದಕ್ಕೆ "ಇಲ್ಲ" ಎಂದರೆ ಆಸಕ್ತಿ ಇಲ್ಲ ಎಂದೋ, ಅಂಥ ತೊಂದರೆ ಇಲ್ಲ ಎಂದೋ? ಧ್ವನಿಮುದ್ರಣವನ್ನು ನಾಲ್ಕು ಸಲ ಕೇಳಿದರೂ ನನಗೆ ತಿಳಿಯಲಿಲ್ಲ. ಒಂಬತ್ತು ಪ್ರಶ್ನೆಗಳೂ ಒಂದೇ ದಿಕ್ಕಿಗೆ ತಿರುಗಿ ತೊಂದರೆಯನ್ನೇ ಕೇಳುವ ಮಾಪಕದಲ್ಲಿ ಕೆಲವರು ಎಲ್ಲಕ್ಕೂ ಹೂಂ, ಉಳಿದವರು ಎಲ್ಲಕ್ಕೂ ಇಲ್ಲ ಎಂದರೆ ಆಲ್ಫಾ ಏರದೆ ಇನ್ನೇನಾದೀತು? ನಾವು ಅಳೆದು ತಂದದ್ದು ಹೂಂಕಾರದ ಆಂತರಿಕ ಸುಸಂಗತತೆಯನ್ನು. ಆ 24 ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆಯ್ಕೆಗಳ ಕಥೆ ಇನ್ನೂ ವಿಚಿತ್ರವಾಗಿತ್ತು. ಪ್ರಶ್ನೆಯನ್ನು ಓದಿ, ನಿಮಗೆ ಏನು ಅರ್ಥವಾಯಿತು ಹೇಳಿ ಎಂದು ಹದಿನೈದು ಜನರನ್ನು ಒಬ್ಬೊಬ್ಬರಾಗಿ ಕೇಳಿದೆ. ಈ ಕೆಲಸವನ್ನು ಮುದ್ರಣಕ್ಕೆ ಮುಂಚೆಯೇ ಮಾಡಬೇಕಿತ್ತು, ತಪ್ಪು ನನ್ನದೇ. "ಅರ್ಧಕ್ಕಿಂತ ಹೆಚ್ಚು ದಿನಗಳು" ಎಂದಾಗ ಅರವತ್ತು ದಾಟಿದ ಅವ್ವನೊಬ್ಬರು, "ಅರ್ಧ ದಿನ ಅಂದ್ರೆ ಮಧ್ಯಾಹ್ನದ ಗಂಟವಾ ಕಣವ್ವ? ಮಧ್ಯಾಹ್ನಕ್ಕೆ ನಂಗೆ ಸರಿಹೋಗ್ತದೆ" ಎಂದರು. "ಖಿನ್ನತೆ" ಯಾರಿಗೂ ಗೊತ್ತಿರಲಿಲ್ಲ. ಅದರ ಬದಲು ಹಾಕಿದ "ಬೇಜಾರು" ಎಲ್ಲರಿಗೂ ಗೊತ್ತಿತ್ತು, ಆದರೆ ಒಬ್ಬರಿಗೆ ಅದು ದುಃಖ, ಇನ್ನೊಬ್ಬರಿಗೆ ಹೊತ್ತು ಹೋಗದಿರುವುದು, ಮತ್ತೊಬ್ಬರಿಗೆ ನಾದಿನಿಯ ಮೇಲಿನ ಮುನಿಸು.

ಆಮೇಲಿನ ಎಂಟು ತಿಂಗಳು ಅಡ್ಡದಾರಿಗಳಲ್ಲೇ ಕಳೆದವು. ನಗುಮುಖ, ಅಳುಮುಖಗಳ ಐದು ಚಿತ್ರಗಳನ್ನು ಬರೆಸಿದರೆ, ಅಳುಮುಖ ನೋಡಲು ಚೆನ್ನಾಗಿಲ್ಲವೆಂದು ಹೆಚ್ಚಿನವರು ಅದನ್ನು ಮುಟ್ಟಲಿಲ್ಲ. ಬದುಕಿನ ತೃಪ್ತಿಯನ್ನು ಅಳೆಯುವ ಕ್ಯಾಂಟ್ರಿಲ್‌ನ ಏಣಿಯ ಚಿತ್ರವನ್ನು ತೋರಿಸಿ ನಿಮ್ಮ ಬದುಕು ಎಷ್ಟನೆಯ ಮೆಟ್ಟಿಲಲ್ಲಿದೆ ಎಂದು ಕೇಳಿದರೆ, ತೀರ ಮೇಲೆ ಎಂದರೆ ದೃಷ್ಟಿಯಾಗುತ್ತದೆ, ತೀರ ಕೆಳಗೆ ಎಂದರೆ ಮನೆಯ ಮಾನ ಹೋಗುತ್ತದೆ ಎಂದು ಊರಿಗೆ ಊರೇ ನಡುವಿನ ಮೆಟ್ಟಿಲಲ್ಲಿ ನಿಂತಿತು. ದಿನವೂ ಸಂಜೆ ಮೊಬೈಲಿಗೆ ಕರೆ ಹೋಗಿ ಧ್ವನಿಯಲ್ಲೇ ಪ್ರಶ್ನೆ ಕೇಳುವ ವ್ಯವಸ್ಥೆಗೆ ತಿಂಗಳಿಗೆ ಮೂರು ಸಾವಿರದಂತೆ ಎರಡು ತಿಂಗಳು ಕಟ್ಟಿದೆ. ಹೆಂಗಸರ ಹೆಸರಿಗೆ ಬರೆಸಿದ್ದ ಸಂಖ್ಯೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡನ ಅಥವಾ ಮಗನ ಜೇಬಿನಲ್ಲಿದ್ದವು.

ಮಣೆ ಕಣ್ಣಿಗೆ ಬಿದ್ದದ್ದು ಒಂದು ಮಧ್ಯಾಹ್ನ, ಬಸ್ಸು ತಪ್ಪಿಸಿಕೊಂಡು ಒಬ್ಬರ ಜಗಲಿಯಲ್ಲಿ ಕುಳಿತಿದ್ದಾಗ. ಅಜ್ಜಿಯೂ ಮೊಮ್ಮಗಳೂ ಅಳಗುಳಿಮಣೆ ಆಡುತ್ತಿದ್ದರು. ಸುಮ್ಮನೆ ಗುಳಿ ಎಣಿಸಿದೆ: ಈ ಸಾಲಿನಲ್ಲಿ ಏಳು, ಆ ಸಾಲಿನಲ್ಲಿ ಏಳು. ಪಿಎಚ್‌ಕ್ಯೂ-9 ಕೇಳುವುದು ಹಿಂದಿನ ಎರಡು ವಾರಗಳನ್ನು, ಅಂದರೆ 14 ದಿನಗಳನ್ನು. ಒಂದು ಗುಳಿ ಒಂದು ದಿನವಾದರೆ, ಈಚೆಯ ಸಾಲು ಈ ವಾರ, ಆಚೆಯ ಸಾಲು ಹೋದ ವಾರ. ಬಸ್ಸು ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.

ಬಡಗಿಯಿಂದ ನಾಲ್ಕು ಮರದ ಮಣೆಗಳನ್ನು ಮಾಡಿಸಿದೆ, ಒಂದಕ್ಕೆ 650 ರೂಪಾಯಿ. ಹೊತ್ತು ತಿರುಗಿ ಭುಜ ಬಿದ್ದುಹೋಯಿತು. ಆಮೇಲೆ ದರ್ಜಿಯೊಬ್ಬರಿಗೆ ಹೇಳಿ ಕೌದಿಯ ಹಾಗೆ ಎರಡು ಪದರ ಬಟ್ಟೆ ಹಾಕಿಸಿ, ನಡುವೆ ಹತ್ತಿ ತುಂಬಿಸಿ, ಹದಿನಾಲ್ಕು ತಗ್ಗುಗಳನ್ನು ಹೊಲಿಸಿದೆ. 90 ರೂಪಾಯಿಗೆ ಒಂದು, ಮಡಚಿದರೆ ಕೈಚೀಲದಲ್ಲಿ ಕೂರುತ್ತದೆ. ಮೊದಲ ವಾರ ಅವರೆಕಾಳು ಬಳಸಿದೆ. ಎರಡನೆಯ ಮನೆಯಲ್ಲೇ ಕೋಳಿಯೊಂದು ಬಂದು ಒಬ್ಬರ ನಿದ್ರಾಹೀನತೆಯ ನಾಲ್ಕು ದಿನಗಳನ್ನು ನುಂಗಿತು. ಹುಣಸೆಬೀಜಕ್ಕೆ ಬದಲಾದೆ.

ಕ್ರಮ ಸರಳವಾಗಿದೆ. ಮಣೆಯನ್ನು ಉತ್ತರಿಸುವವರ ಮಡಿಲ ಮೇಲೆ ಹಾಸಿ, ಸಂತೆಯ ದಿನದ ಎರಡು ಗುಳಿಗಳ ಪಕ್ಕ ಕೆಂಪು ಗುಂಡಿಗಳನ್ನಿಟ್ಟರೆ ದಿನಗಳು ತಾವೇ ಸಾಲಾಗಿ ನಿಲ್ಲುತ್ತವೆ. ಪ್ರಶ್ನೆ ಓದಿದ ಮೇಲೆ, ಹಾಗಾದ ದಿನಕ್ಕೆ ಒಂದು ಬೀಜ ಇಡಬೇಕು. ಹೂಂ ಎನ್ನಲಿ, ಇಲ್ಲ ಎನ್ನಲಿ, ನಾನು ಬರೆದುಕೊಳ್ಳುವುದಿಲ್ಲ. ಬೀಜ ಬಿದ್ದರೆ ಮಾತ್ರ ಬರೆದುಕೊಳ್ಳುತ್ತೇನೆ, ಅದೂ ಯಾವ ಗುಳಿಗೆ ಬಿತ್ತು ಎಂಬುದನ್ನು. ಬೀಜಗಳನ್ನು ಅಂಕಗಳಿಗೆ ಇಳಿಸುವ ಲೆಕ್ಕ ನನ್ನ ಸೃಷ್ಟಿಯಲ್ಲ: 0ಯಿಂದ 1 ದಿನಕ್ಕೆ 0, 2ರಿಂದ 6ಕ್ಕೆ 1, 7ರಿಂದ 11ಕ್ಕೆ 2, 12ರಿಂದ 14ಕ್ಕೆ 3. ಅಮೆರಿಕದಲ್ಲಿ 2006ರ ದೂರವಾಣಿ ಆರೋಗ್ಯ ಸಮೀಕ್ಷೆಯಲ್ಲಿ ಇದೇ ಪ್ರಶ್ನಾವಳಿಯ ಎಂಟು ಪ್ರಶ್ನೆಗಳ ರೂಪವನ್ನು ದಿನಗಳ ಲೆಕ್ಕದಲ್ಲೇ ಕೇಳಿ ಹೀಗೆಯೇ ಅಂಕ ಕೊಟ್ಟಿದ್ದರು. "ಮಾಪಕವನ್ನೇ ಬದಲಿಸಿದ್ದೀರಿ" ಎಂದ ವಿಮರ್ಶಕರೊಬ್ಬರಿಗೆ ನಾನು ಕೊಟ್ಟ ಉತ್ತರ ಅದೊಂದೇ, ಆಮೇಲೆ ಅವರು ಮಾತಾಡಲಿಲ್ಲ.

ಇನ್ನೊಂದು ಲಾಭ ನಾನು ಎಣಿಸದೆ ಬಂದದ್ದು. ಜಗಲಿಯಲ್ಲಿ ಅತ್ತೆ ಕುಳಿತಿರುತ್ತಾರೆ, ಎದುರುಮನೆಯವರು ಬಂದು ನಿಲ್ಲುತ್ತಾರೆ, ಅವರನ್ನು ಎಬ್ಬಿಸಿ ಕಳುಹಿಸಿದರೆ ಮರುದಿನ ಆ ಸೊಸೆಗೇ ಕಷ್ಟ. ಮಣೆಯಿದ್ದಾಗ ಪ್ರಶ್ನೆ ಎಲ್ಲರಿಗೂ ಕೇಳಿಸುತ್ತದೆ, ಉತ್ತರ ಯಾರಿಗೂ ಕೇಳಿಸುವುದಿಲ್ಲ. ಸೆರಗಿನ ಮರೆಯಲ್ಲಿ ಒಬ್ಬಾಕೆ ಬಾಯಲ್ಲಿ "ಏನಿಲ್ಲ, ಚೆನ್ನಾಗಿದೀನಿ" ಎನ್ನುತ್ತಲೇ ಒಂದೊಂದಾಗಿ ಹನ್ನೆರಡು ಬೀಜಗಳನ್ನು ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂಬತ್ತನೆಯ ಪ್ರಶ್ನೆಯನ್ನು ಮಾತ್ರ ಜಗಲಿಯಲ್ಲಿ ಎಂದೂ ಕೇಳಬಾರದು. ಸಾಯುವ ಯೋಚನೆಯ ಆ ಪ್ರಶ್ನೆಯನ್ನು ನೀರು ಕೇಳುವ ನೆಪದಲ್ಲಿ ಒಳಗೆ ಹೋಗಿ, ಇಬ್ಬರೇ ಇದ್ದಾಗ ಕೇಳುತ್ತೇನೆ. ಒಂದೇ ಬೀಜ ಬಿದ್ದರೂ ಅಂದಿನ ಸಂದರ್ಶನವನ್ನು ಅಲ್ಲಿಗೇ ನಿಲ್ಲಿಸಿ, ಕುಳಿತು ಮಾತಾಡಿ, ಅದೇ ದಿನ ವೈದ್ಯರಿಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ ಹೊರಡುತ್ತೇನೆ. ನೈತಿಕ ಸಮಿತಿಯವರು ಇದನ್ನು ಕೇಳಿದ್ದರು, ಅವರು ಕೇಳದಿದ್ದರೂ ಮಾಡುತ್ತಿದ್ದೆ.

ಬೀಜಗಳ ಸಂಖ್ಯೆಗಿಂತ ಅವು ಬಿದ್ದ ಜಾಗ ನನಗೆ ಹೆಚ್ಚು ಕಲಿಸಿತು. ಹಸಿವಿನ ಪ್ರಶ್ನೆಗೆ ಒಬ್ಬರು ಎರಡು ಬೀಜಗಳನ್ನು ಎರಡೂ ಸಾಲಿನ ಸೋಮವಾರದ ಗುಳಿಯಲ್ಲಿಟ್ಟರು. ಕೇಳಿದರೆ ಸೋಮವಾರದ ಒಪ್ಪತ್ತು. ಪುಸ್ತಿಕೆಯಲ್ಲಾದರೆ ಇದು "ಕೆಲವು ದಿನ" ಎಂದಾಗಿ ಒಂದು ಅಂಕ ಪಡೆದು, ಕಾರಣ ಯಾರಿಗೂ ತಿಳಿಯದೆಯೇ ಖಿನ್ನತೆಯ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. ನಿದ್ದೆಯ ಪ್ರಶ್ನೆಗೆ ರೈತರು ಆಚೆಯ ಸಾಲನ್ನು ಪೂರ್ತಿ ತುಂಬಿ ಈಚೆಯ ಸಾಲನ್ನು ಖಾಲಿ ಬಿಡುತ್ತಿದ್ದರು. ಒಬ್ಬರಲ್ಲ, ಸಾಲುಸಾಲಾಗಿ ಎಂಟು ಹತ್ತು ಜನ. ಕಾರಣ ಮನಸ್ಸಿನದಲ್ಲ, ಪಂಪ್‌ಸೆಟ್ಟಿನದು: ಹೋದ ವಾರ ತ್ರೀಫೇಸ್ ಕರೆಂಟನ್ನು ರಾತ್ರಿ ಪಾಳಿಯಲ್ಲಿ ಕೊಟ್ಟಿದ್ದರು. ಇಂಥ ಬೀಜಗಳನ್ನು ನಾನು ಅಂಕದಿಂದ ಕಳೆಯಲಿಲ್ಲ, ಕಳೆದರೆ ಅದು ಆ ಮಾಪಕವಾಗಿ ಉಳಿಯುವುದಿಲ್ಲ. ಪಕ್ಕದಲ್ಲಿ ಗುರುತು ಹಾಕಿ ಬೇರೆಯಾಗಿ ಬರೆದೆ. ಇದಕ್ಕೆ ನನ್ನ ಸಹೋದ್ಯೋಗಿಗಳಲ್ಲಿ ಇಬ್ಬರು ಇಂದಿಗೂ ಒಪ್ಪುವುದಿಲ್ಲ.

ಹದಿನಾಲ್ಕು ದಿನಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ನೀವು ಕೇಳಬಹುದು. ಸುಮ್ಮನೆ ಕೇಳಿದರೆ ಯಾರೂ ಇಟ್ಟುಕೊಳ್ಳುವುದಿಲ್ಲ. ಮೊದಲ ಪ್ರಶ್ನೆಗೆ ಮುಂಚೆ ನಾನು ಎರಡು ನಿಮಿಷ ಒಂದು ವಿಷಯದ ಬಗ್ಗೆ ಮಾತಾಡಿಸುತ್ತೇನೆ, ಅದಾದ ಮೇಲೆ ದಿನಗಳು ಒಂದಕ್ಕೊಂದು ಪೋಣಿಸಿಕೊಂಡು ಬರುತ್ತವೆ. ಆ ವಿಷಯ ಯಾವುದೆಂದು ನನ್ನ ಸಂಶೋಧನಾ ಲೇಖನ ಅಚ್ಚಾಗುವವರೆಗೆ ಹೇಳುವುದಿಲ್ಲ. ಆರನೆಯ ಪ್ರಶ್ನೆಗೆ ನಾನು ಕಂಡುಕೊಂಡ ಕನ್ನಡವನ್ನೂ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. "ನಾನು ಸೋತವಳು", "ಮನೆಯವರ ಹೆಸರು ಕೆಡಿಸಿದೆ" ಎಂದು ಎರಡು ಮೂರು ಮಾತುಗಳನ್ನು ಒಂದೇ ವಾಕ್ಯದಲ್ಲಿ ತುರುಕಿರುವ ಆ ಪ್ರಶ್ನೆಯ ಜೊತೆ ಗುದ್ದಾಡಿದವರಿಗೆ ನನ್ನ ಜಿಪುಣತನ ಅರ್ಥವಾದೀತು.

ಮಣೆಯಲ್ಲಿ ಆಲ್ಫಾ 0.8ರ ಆಸುಪಾಸಿಗೆ ಇಳಿಯಿತು. "ಕಷ್ಟಪಟ್ಟು ಕೆಡಿಸಿಕೊಂಡಿರಿ" ಎಂದರು ಮಾರ್ಗದರ್ಶಕರು. ಇಳಿದದ್ದೇ ಸರಿ ಎಂದು ತೋರಿಸಲು ಬೇರೆ ಸಾಕ್ಷಿ ಬೇಕಿತ್ತು. ಐವತ್ತಕ್ಕೂ ಸ್ವಲ್ಪ ಹೆಚ್ಚು ಜನರಿಗೆ ಪುಸ್ತಿಕೆ, ಮಣೆ ಎರಡನ್ನೂ, ಕೆಲವರಿಗೆ ಇದು ಮೊದಲು, ಕೆಲವರಿಗೆ ಅದು ಮೊದಲು ಎಂದು ಕೊಟ್ಟು, ಅಂಕಗಳನ್ನು ತೋರಿಸದೆ ಮನೋವೈದ್ಯರಿಂದ ಸಂದರ್ಶನ ಮಾಡಿಸಿದೆ. ಸಂದರ್ಶನವನ್ನೇ ನೆಚ್ಚಿ ಹಳ್ಳಿಯ ಮನಸ್ಸನ್ನು ಅಳೆಯುವ ದಾರಿ ನಮ್ಮಲ್ಲಿ ಹೊಸದಲ್ಲ. 1970ರ ದಶಕದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಕಪೂರ್ ಅವರು ಕರಾವಳಿಯ ಕೋಟದ ಅಧ್ಯಯನಕ್ಕೆ ಇಲ್ಲಿಗೇ ಹೊಂದುವ ಸಂದರ್ಶನ ಪಟ್ಟಿಯನ್ನೇ ರೂಪಿಸಿಕೊಂಡಿದ್ದರು. ನಮ್ಮ ವೈದ್ಯರು ಹನ್ನೊಂದೋ ಹನ್ನೆರಡೋ ಜನರಿಗೆ ಖಿನ್ನತೆಯಿದೆ ಎಂದರು. 10 ಅಂಕದ ಗೆರೆಯಲ್ಲಿ ಮಣೆ ಅವರಲ್ಲಿ ಇಬ್ಬರನ್ನು ಮಾತ್ರ ತಪ್ಪಿಸಿಕೊಂಡಿತ್ತು, ಪುಸ್ತಿಕೆ ಅರ್ಧಕ್ಕರ್ಧ ಜನರನ್ನು ಕೈಬಿಟ್ಟಿತ್ತು. ಮಣೆ ಆರೇಳು ಜನರನ್ನು ವೃಥಾ ಹಿಡಿದದ್ದೂ ನಿಜ, ಅವರಲ್ಲಿ ಮೂವರು ಪಂಪ್‌ಸೆಟ್ಟಿನವರು. ಸಂಖ್ಯೆ ಚಿಕ್ಕದು, ಗೊತ್ತು. ಆದರೂ ಆ ಕೋಷ್ಟಕವನ್ನು ವಿಭಾಗದ ಸಭೆಯಲ್ಲಿ ತೋರಿಸಿದ ದಿನ ಚೌಕಾಬಾರದ ಮಾತು ಯಾರೂ ಎತ್ತಲಿಲ್ಲ.

ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ಡಿಗ್ರಿ ಓದಿದ ಹುಡುಗರು ಬೀಜ ನೋಡಿ ಮುಖ ಸಿಂಡರಿಸಿದರು, ಅವರಿಗೆ ಕಾಗದವೇ ಸರಿ. ಮಾನಸಿಕ ಆರೋಗ್ಯದ ಇನ್ನೊಂದು ಪ್ರಶ್ನಾವಳಿಯಾದ ಜಿಎಚ್‌ಕ್ಯೂ-12ಕ್ಕೆ ಮಣೆ ಒಗ್ಗಲಿಲ್ಲ, ಏಕೆಂದರೆ ಅದು ದಿನಗಳನ್ನು ಕೇಳದೆ "ಎಂದಿನಂತೆಯೇ" ಇದೆಯೇ ಎಂದು ಕೇಳುತ್ತದೆ. ಹತ್ತು ವರ್ಷದಿಂದ ನಿದ್ದೆ ಕೆಟ್ಟವರು ಎಂದಿನಂತೆಯೇ ಎಂದು ಹೇಳಿ ಸೊನ್ನೆ ಅಂಕದೊಂದಿಗೆ ಆರೋಗ್ಯವಂತರಾಗಿಬಿಡುತ್ತಾರೆ. ದಕ್ಷಿಣ ಕನ್ನಡದಲ್ಲಿ ಇದನ್ನು ಮಾಡಹೊರಟ ಗೆಳತಿಗೆ ಅಲ್ಲಿಯ ಹಿರಿಯರೊಬ್ಬರು, ಆಟಿ (ಮಳೆಗಾಲದ ತುಳು ತಿಂಗಳು) ಕಳೆದ ಮೇಲೆ ಚೆನ್ನೆಮಣೆ (ಅಳಗುಳಿಮಣೆಗೆ ಅಲ್ಲಿಯ ಹೆಸರು) ತೆಗೆಯಬಾರದು ಎಂದು ಬಾಗಿಲಲ್ಲೇ ತಡೆದರು. ಅವಳು ಈಗ ಬಟ್ಟೆಯ ಮೇಲೆ ಗುಳಿಗಳ ಬದಲು ಚೌಕಗಳನ್ನು ಹೊಲಿಸಿಕೊಂಡಿದ್ದಾಳೆ.

ಖರ್ಚಿನ ನಿಜವನ್ನೂ ಹೇಳಬೇಕು. ಪುಸ್ತಿಕೆ ಏಳು ನಿಮಿಷದ ಕೆಲಸ, ಮಣೆಗೆ ಇಪ್ಪತ್ತೈದು ನಿಮಿಷ ಬೇಕು. ದಿನಕ್ಕೆ ಹದಿನೈದು ಮನೆ ಮಾಡುತ್ತಿದ್ದ ಸಹಾಯಕ ಆರು ಮನೆಗೆ ಸುಸ್ತಾಗುತ್ತಿದ್ದ, ಅವನ ದಿನಗೂಲಿಯೇ ಒಟ್ಟು 70 ಸಾವಿರ ದಾಟಿತು. ಮನೋವೈದ್ಯರಿಗೆ ಫೋನಿನಲ್ಲಿ ನಾನು ಇದನ್ನೇ ಹೇಳಿದೆ: ಮಣೆ ಹೊಲಿಸಿ ಕಳುಹಿಸುತ್ತೇನೆ, ದರ್ಜಿ ಈಗ 120 ಕೇಳುತ್ತಿದ್ದಾರೆ, ಆದರೆ ಅದನ್ನು ಹಿಡಿಯುವ ನರ್ಸಮ್ಮ ಎರಡು ದಿನ ನನ್ನ ಜೊತೆ ಜಗಲಿಗಳಲ್ಲಿ ಕೂರಬೇಕು. ಮಣೆಗಳ ಹಣ ಅಂದೇ ಬಂತು. ನರ್ಸಮ್ಮನನ್ನು ಯಾವಾಗ ಕಳುಹಿಸುತ್ತಾರೆಂದು ಕಾಯುತ್ತಿದ್ದೇನೆ.